ಮೇಲೆ ರಿಡ್ಜ್, ಕೆಳಗೆ ಬೇಗೆ: ತೀವ್ರ ತಾಪದಲ್ಲಿ ವಾಯು ಪರಿಚಲನೆಯ ಪಾಲನ್ನು ಲೆಕ್ಕ ಹಾಕುವುದು ಹೇಗೆ?

ಗಾಳಿಜಾಡು

ಎಲ್ಲಾದರೂ ತಾಪಮಾನದ ದಾಖಲೆ ಮುರಿದರೆ ಸುದ್ದಿಯಲ್ಲಿ ‘ಹೀಟ್ ಡೋಮ್’ (ಬಿಸಿಯನ್ನು ಮುಚ್ಚಳದಂತೆ ಹಿಡಿದಿಡುವ ಮೇಲ್ಸ್ತರದ ಅಧಿಕ ಒತ್ತಡ) ಎಂಬ ಮಾತು ಬರುತ್ತದೆ, ವಿವರಣೆ ಅಲ್ಲಿಗೇ ಮುಗಿಯುತ್ತದೆ. 500 ಹೆಕ್ಟೊಪಾಸ್ಕಲ್ ನಕಾಶೆಯಲ್ಲಿ (ವಾಯು ಒತ್ತಡ 500ಕ್ಕೆ ಇಳಿಯುವ ಎತ್ತರವನ್ನು ತೋರಿಸುವ ನಕಾಶೆ) 588 ಡೆಕಾಮೀಟರ್, ಅಂದರೆ 5,880 ಮೀಟರ್, ಗೆರೆಯೊಳಗೆ ಸಿಕ್ಕ ನೆಲವೆಲ್ಲ ಕಾದುಹೋಗುತ್ತದೆ ಎಂದು ಓದಿದವರು ತಿಳಿಯುತ್ತಾರೆ. ಆದರೆ ಒಂದೇ ರಿಡ್ಜ್ (ಆ ಎತ್ತರ ಉಬ್ಬಿರುವ ಅಧಿಕ ಒತ್ತಡದ ಪ್ರದೇಶ) ಕೆಳಗೆ ಒಂದು ಕಡೆ 36 ಡಿಗ್ರಿ, ಮುನ್ನೂರು ಕಿಲೋಮೀಟರ್ ಆಚೆ 43 ಡಿಗ್ರಿ ಇರುವುದುಂಟು. ಒಂದೇ ಜಾಗದಲ್ಲಿ ಎರಡು ವರ್ಷ ಹೆಚ್ಚುಕಡಿಮೆ ಒಂದೇ ಆಕಾರದ ರಿಡ್ಜ್ ಕೂತರೂ ಒಂದು ವರ್ಷ ಸಾಧಾರಣ ಸೆಕೆ, ಇನ್ನೊಂದು ವರ್ಷ ದಾಖಲೆ.

ಹಾಗಾದರೆ ಬಿಸಿ ಬರುವುದು ಎಲ್ಲಿಂದ? ದೂರದಿಂದ ಗಾಳಿ ಹೊತ್ತು ತಂದಿದ್ದೋ, ಮೇಲಿನಿಂದ ಇಳಿಯುವ ಗಾಳಿ ಒತ್ತಿ ಬಿಸಿಯಾದದ್ದೋ, ನೆಲವೇ ಕಾಯಿಸಿದ್ದೋ? ಯಾವುದರ ಪಾಲು ಎಷ್ಟು ಎಂದು ಅಂಕಿಗಳಲ್ಲಿ ಹೇಳುವ ಕ್ರಮವನ್ನು ಇಲ್ಲಿ ಚರ್ಚಿಸೋಣ. ಉಷ್ಣವಲಯಕ್ಕೂ ಸಮಶೀತೋಷ್ಣ ವಲಯಕ್ಕೂ ಒಂದೇ ಕ್ರಮ ಸಾಕೇ ಎಂಬುದೂ ಪ್ರಶ್ನೆ.

ಐಸೊಬಾರ್

ಒಳ್ಳೆಯ ಪ್ರಶ್ನೆ. ನೀವು ಹೆಸರಿಸಿದ ಮೂರೇ ಪದಗಳು ತಾಪಮಾನದ ಸಮೀಕರಣದಲ್ಲೂ ಇರುವುದು. ಒಂದು, ಗಾಳಿಯ ಅಡ್ಡ ಸಾಗಣೆ. ಎರಡು, ಗಾಳಿ ಕೆಳಗಿಳಿದಾಗ ಒತ್ತಡ ಹೆಚ್ಚಿ ಆಗುವ ಅಡಿಯಾಬ್ಯಾಟಿಕ್ ಬಿಸಿ. ಮೂರು, ಹೊರಗಿನಿಂದ ಸೇರುವ ಶಾಖ: ನೆಲದಿಂದ, ವಿಕಿರಣದಿಂದ, ಆವಿ ನೀರಾಗುವಾಗ ಬಿಡುಗಡೆಯಾಗುವ ಸುಪ್ತೋಷ್ಣದಿಂದ.

ಜನ ಎಡವುವುದು ಎರಡನೆಯದರಲ್ಲಿ. ಇಳಿಯುವ ಒಣಗಾಳಿ ಕಿಲೋಮೀಟರಿಗೆ 9.8 ಡಿಗ್ರಿ ಬಿಸಿಯಾಗುವುದು ನಿಜ. ಉದಾಹರಣೆಗೆ 600 ಹೆಕ್ಟೊಪಾಸ್ಕಲ್ ಮಟ್ಟದಲ್ಲಿ ಮೈನಸ್ 2 ಡಿಗ್ರಿ ಇರುವ ಗಾಳಿಯನ್ನು ಏನನ್ನೂ ಸೇರಿಸದೆ 1000 ಹೆಕ್ಟೊಪಾಸ್ಕಲ್‌ಗೆ ಇಳಿಸಿದರೆ ಅದು ಸುಮಾರು 40.6 ಡಿಗ್ರಿ ಆಗುತ್ತದೆ. ಲೆಕ್ಕ ನೋಡಿದರೆ ಕೆಲಸ ಮುಗಿದೇಹೋಯಿತು ಅನ್ನಿಸುತ್ತದೆ. ಆದರೆ ಅಧಿಕ ಒತ್ತಡದ ಪ್ರದೇಶದಲ್ಲಿ ಗಾಳಿ ಇಳಿಯುವ ವೇಗ ಸಾಮಾನ್ಯವಾಗಿ ದಿನಕ್ಕೆ 40ರಿಂದ 90 ಹೆಕ್ಟೊಪಾಸ್ಕಲ್ ಮಾತ್ರ. 400 ಹೆಕ್ಟೊಪಾಸ್ಕಲ್ ಇಳಿಯಲು ಐದರಿಂದ ಹತ್ತು ದಿನ ಬೇಕು. ಅಷ್ಟರಲ್ಲಿ ಆ ಗಾಳಿ ವಿಕಿರಣದ ಮೂಲಕ ದಿನಕ್ಕೆ ಒಂದು ಡಿಗ್ರಿಯ ಆಸುಪಾಸು ತಣ್ಣಗಾಗುತ್ತಲೇ ಇರುತ್ತದೆ. ಅಂದರೆ ಕೈಗೆ ಸಿಗುವುದು 40 ಅಲ್ಲ, 30ರಿಂದ 35ರ ನಡುವಿನ ಯಾವುದೋ ಅಂಕಿ.

ಇನ್ನೊಂದು ತೊಡಕು: ಇಳಿಯುವ ಗಾಳಿ ನೇರವಾಗಿ ನೆಲ ಮುಟ್ಟುವುದಿಲ್ಲ. ನೆಲದ ಸಮೀಪದ ಪದರದ ಮೇಲೆ ಒಂದು ಇನ್ವರ್ಷನ್ (ಮೇಲೆ ಹೋದಂತೆ ತಾಪ ಏರುವ ಪದರ) ಕಟ್ಟಿ ನಿಂತುಬಿಡುತ್ತದೆ. ಹಗಲಿನಲ್ಲಿ ಮಿಶ್ರಣ ಪದರ (ಗಾಳಿ ಮೇಲೆ ಕೆಳಗೆ ಕಲಸಿಹೋಗುವ ನೆಲದ ಸಮೀಪದ ಪದರ) ಮೇಲೇರಿ ಆ ಬೆಚ್ಚಗಿನ ಗಾಳಿಯನ್ನು ಒಳಗೆ ಎಳೆದುಕೊಂಡಾಗಷ್ಟೇ ಅದರ ಬಿಸಿ ನಮಗೆ ತಲುಪುವುದು. ಮಿಶ್ರಣ ಪದರ ಏರಲು ನೆಲದ ಶಾಖ ಬೇಕು. ಹಾಗಾಗಿ ಎರಡನೆಯ ಪದವನ್ನೂ ಮೂರನೆಯದನ್ನೂ ಬೇರೆ ಬೇರೆ ಪೆಟ್ಟಿಗೆಯಲ್ಲಿ ಇಟ್ಟು ಕೂಡಿಸಿದರೆ ಅರ್ಥ ಕೆಡುತ್ತದೆ.

ಮಣ್ಣುತೇವ

ಐಸೊಬಾರ್ ಅವರು ಹೇಳಿದ ನೆಲದ ಶಾಖಕ್ಕೆ ಅಂಕಿ ಸೇರಿಸುತ್ತೇನೆ. ಒಂದು ಚದರ ಮೀಟರಿನಿಂದ 1 ಮಿಲಿಮೀಟರ್ ನೀರು ಆವಿಯಾಗಲು ಸುಮಾರು 24.5 ಲಕ್ಷ ಜೂಲ್ ಬೇಕು, ದಿನದ ಸರಾಸರಿಯಲ್ಲಿ 28 ವ್ಯಾಟ್. ತೇವ ಇರುವ ನೆಲ ಬೇಸಿಗೆಯಲ್ಲಿ ದಿನಕ್ಕೆ 4 ಮಿಲಿಮೀಟರ್ ಬಿಡುತ್ತಿತ್ತು ಎಂದುಕೊಳ್ಳಿ. ಮಣ್ಣು ಪೂರ್ತಿ ಒಣಗಿ ಅದು ನಿಂತರೆ ದಿನಕ್ಕೆ 98 ಲಕ್ಷ ಜೂಲ್ ಬೇರೆ ದಾರಿ ಹುಡುಕಬೇಕು. 3 ಕಿಲೋಮೀಟರ್ ದಪ್ಪದ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 30 ಲಕ್ಷ ಜೂಲ್ ಸಾಕು. ಅಂದರೆ ಅಷ್ಟೂ ಗಾಳಿಗೇ ಹೋದರೆ ದಿನಕ್ಕೆ 3 ಡಿಗ್ರಿಗಿಂತ ಹೆಚ್ಚು. ಇದು ಗರಿಷ್ಠ ಮಿತಿ. ಕಾದ ನೆಲ ಹೆಚ್ಚು ಅವಗೆಂಪು ವಿಕಿರಣ ಹೊರಸೂಸುತ್ತದೆ, ಒಂದಿಷ್ಟು ಶಾಖ ಮಣ್ಣಿನೊಳಗೂ ಇಳಿಯುತ್ತದೆ. ಆದರೂ ಪ್ರಮಾಣ ಎಷ್ಟು ದೊಡ್ಡದು ನೋಡಿ.

ದಿನದಿಂದ ದಿನಕ್ಕೆ ತಾಪ ಏರುವ ಗುಟ್ಟು ರಾತ್ರಿಯಲ್ಲಿದೆ. ಸಂಜೆಯ ಮೇಲೆ ನೆಲದ ಹತ್ತಿರ ತೆಳುವಾದ ತಣ್ಣನೆ ಪದರ ಕಟ್ಟಿಕೊಳ್ಳುತ್ತದೆ. ಹಗಲು ಕಾದ ಮಿಶ್ರಣ ಪದರದ ಉಳಿದ ಭಾಗ ಅದರ ಮೇಲೆ ಹಾಗೇ ಬಿಸಿಯಾಗಿ ಉಳಿಯುತ್ತದೆ. ಮರುದಿನ ಬೆಳಿಗ್ಗೆ ತಣ್ಣನೆ ಪದರ ಕರಗಿದೊಡನೆ ನೆಲದ ಗಾಳಿ ನಿನ್ನೆಯ ಶಾಖಕ್ಕೆ ಸೇರಿಕೊಳ್ಳುತ್ತದೆ. ಗಾಳಿ ನಿಧಾನವಾಗಿದ್ದರೆ ಮಾತ್ರ ಇದು ಸಾಧ್ಯ. ಜೋರು ಗಾಳಿ ಇದ್ದರೆ ಆ ಉಳಿಕೆ ಶಾಖ ಪಕ್ಕದ ಪ್ರದೇಶಕ್ಕೆ ಹೋಗಿಬಿಡುತ್ತದೆ. ಆದ್ದರಿಂದ ಬ್ಲಾಕಿಂಗ್ (ರಿಡ್ಜ್ ಒಂದೇ ಕಡೆ ಹಲವು ದಿನ ನಿಂತುಬಿಡುವುದು) ಮಾಡುವ ದೊಡ್ಡ ಕೆಲಸ ಗಾಳಿಯನ್ನು ಇಳಿಸುವುದಕ್ಕಿಂತ ಅದನ್ನು ಒಂದೇ ಕಡೆ ನಿಲ್ಲಿಸಿ ಇಡುವುದು ಎಂಬುದು ನನ್ನ ಅಭಿಪ್ರಾಯ.

2010ರ ರಷ್ಯಾದ ಬಿಸಿಗಾಳಿ ಇದಕ್ಕೆ ಸ್ಪಷ್ಟ ಉದಾಹರಣೆ. ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಬ್ಲಾಕ್ ಕೂತಿತ್ತು. ಮಾಸ್ಕೋದಲ್ಲಿ 38.2 ಡಿಗ್ರಿ ದಾಖಲಾದದ್ದು ಜುಲೈ 29ರಂದು, ಆರಂಭದಲ್ಲಲ್ಲ.

ಜೆಟ್‌ದಾರಿ

ಸರಿ, ರಿಡ್ಜ್ ನಿಲ್ಲುವುದೇಕೆ ಎಂಬುದಕ್ಕೆ ಬರೋಣ. ಮಧ್ಯ ಅಕ್ಷಾಂಶಗಳ ಪಶ್ಚಿಮ ಗಾಳಿಯಲ್ಲಿ ರಾಸ್ಬಿ ಅಲೆಗಳು (ಆ ಗಾಳಿಯ ಹರಿವಿನ ಸಾವಿರಾರು ಕಿಲೋಮೀಟರ್ ಉದ್ದದ ಬಳುಕುಗಳು) ಗಾಳಿಗೆ ಎದುರಾಗಿ, ಅಂದರೆ ಪಶ್ಚಿಮಕ್ಕೆ, ಸಾಗಲು ಯತ್ನಿಸುತ್ತವೆ. ಅಲೆ ಉದ್ದವಾದಷ್ಟೂ ಹಿಮ್ಮುಖ ವೇಗ ಹೆಚ್ಚು. ಅದು ಗಾಳಿಯ ವೇಗಕ್ಕೆ ಸಮವಾದರೆ ಅಲೆ ನೆಲಕ್ಕೆ ಹೋಲಿಸಿದರೆ ನಿಂತುಬಿಡುತ್ತದೆ.

45 ಡಿಗ್ರಿ ಅಕ್ಷಾಂಶದಲ್ಲಿ ಲೆಕ್ಕ ಹಾಕಿದರೆ, ಸರಾಸರಿ ಗಾಳಿ ಸೆಕೆಂಡಿಗೆ 20 ಮೀಟರ್ ಇದ್ದಾಗ ನಿಲ್ಲುವ ಅಲೆಯ ಉದ್ದ ಸುಮಾರು 7,000 ಕಿಲೋಮೀಟರ್. ಆ ಅಕ್ಷಾಂಶದ ಸುತ್ತಳತೆ 28,300 ಕಿಲೋಮೀಟರ್. ಹಾಗಾಗಿ ಭೂಮಿಯ ಸುತ್ತ ನಾಲ್ಕು ಅಲೆ. ಗಾಳಿ 15 ಮೀಟರ್‌ಗೆ ಇಳಿದರೆ ಉದ್ದ 6,050 ಕಿಲೋಮೀಟರ್, ನಾಲ್ಕೂಮುಕ್ಕಾಲು. 10 ಮೀಟರ್ ಆದರೆ 4,940 ಕಿಲೋಮೀಟರ್, ಸುಮಾರು ಐದೂಮುಕ್ಕಾಲು. ಬೇಸಿಗೆಯಲ್ಲಿ ಜೆಟ್ (ಮೇಲ್ಸ್ತರದ ವೇಗದ ಪಶ್ಚಿಮ ಗಾಳಿಯ ಹರಿವು) ದುರ್ಬಲವಾದಾಗ ಐದಾರು ಅಲೆಗಳ ವಿನ್ಯಾಸ ಏಕೆ ನಿಲ್ಲುತ್ತದೆ, ಹಲವು ಖಂಡಗಳಲ್ಲಿ ಒಂದೇ ವಾರ ತಾಪ ಏಕೆ ಏರುತ್ತದೆ ಎಂಬುದಕ್ಕೆ ಮೊದಲ ಸುಳಿವು ಇದು. ಈ ಲೆಕ್ಕದಲ್ಲಿ ಉತ್ತರ-ದಕ್ಷಿಣ ದಿಕ್ಕಿನ ಅಲೆಯ ಅಗಲವನ್ನು ಬಿಟ್ಟಿದ್ದೇನೆ. ಅದನ್ನು ಸೇರಿಸಿದರೆ ಸಂಖ್ಯೆ ಇನ್ನೂ ಕಡಿಮೆಯಾಗುತ್ತದೆ.

ಅಲೆ ನಿಂತರೆ ಸಾಲದು, ಅದು ಮುರಿಯಬೇಕು. ಕಡಲ ತೆರೆ ದಡದಲ್ಲಿ ಮಗುಚುವಂತೆ ರಾಸ್ಬಿ ಅಲೆ ಮಗುಚಿದಾಗ ದಕ್ಷಿಣದ ಗಾಳಿಯ ದೊಡ್ಡ ತುಂಡೊಂದು ಉತ್ತರದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಬ್ಲಾಕ್ ಎನ್ನುವುದು ಇದನ್ನೇ. ಉತ್ತರಾರ್ಧ ಗೋಳದಲ್ಲಿ ಇದನ್ನು ಹಿಡಿಯಲು ಟಿಬಾಲ್ಡಿ–ಮೊಲ್ಟೆನಿ ಸೂಚ್ಯಂಕ ಬಳಸುತ್ತಾರೆ. ಪ್ರತಿ ರೇಖಾಂಶದಲ್ಲಿ 40, 60 ಮತ್ತು 80 ಡಿಗ್ರಿ ಅಕ್ಷಾಂಶಗಳ 500 ಹೆಕ್ಟೊಪಾಸ್ಕಲ್ ಎತ್ತರ ತೆಗೆದುಕೊಳ್ಳಿ. ಮೂರನ್ನೂ ಒಟ್ಟಿಗೆ ನಾಲ್ಕೈದು ಡಿಗ್ರಿ ಮೇಲೆ ಕೆಳಗೆ ಸರಿಸಿಯೂ ನೋಡಿ. 60ರಲ್ಲಿ ಎತ್ತರ 40ಕ್ಕಿಂತ ಹೆಚ್ಚಿರಬೇಕು, ಜೊತೆಗೆ 60ರಿಂದ 80ಕ್ಕೆ ಹೋಗುವಾಗ ಪ್ರತಿ ಡಿಗ್ರಿಗೆ 10 ಮೀಟರಿಗಿಂತ ಹೆಚ್ಚು ಇಳಿಯಬೇಕು. ಇದು 12ರಿಂದ 15 ಡಿಗ್ರಿ ರೇಖಾಂಶದಷ್ಟು ಅಗಲಕ್ಕೆ, ಐದು ದಿನ ಬಿಡದೆ ಸಿಕ್ಕರೆ ಬ್ಲಾಕ್ ಎನ್ನಬಹುದು.

ಮಿತಿಯನ್ನೂ ಹೇಳಬೇಕು. ಗೆರೆಗಳು ಪೂರ್ತಿ ಮಗುಚದ, ಬರೀ ಎತ್ತರವಾಗಿ ಉಬ್ಬಿದ ರಿಡ್ಜ್ ಈ ಜರಡಿಯಿಂದ ಜಾರಿಹೋಗುತ್ತದೆ. 40 ಡಿಗ್ರಿ ಅಕ್ಷಾಂಶದ ಸುತ್ತಮುತ್ತ ಭೀಕರ ತಾಪ ತರುವ ಎಷ್ಟೋ ರಿಡ್ಜ್‌ಗಳು ಅಂಥವೇ. ಸೂಚ್ಯಂಕ ಶೂನ್ಯ ತೋರಿಸಿತೆಂದು ಪರಿಚಲನೆಯ ಪಾತ್ರ ಇಲ್ಲ ಎಂದು ಬರೆಯಬೇಡಿ.

ಗಾಳಿಜಾಡು

ಮಣ್ಣುತೇವ ಅವರೇ, ಒಂದು ಸಂದೇಹ. 2021ರ ಜೂನ್‌ನಲ್ಲಿ ಕೆನಡಾದ ಲಿಟನ್‌ನಲ್ಲಿ 49.6 ಡಿಗ್ರಿ ಬಂತು. ಆ ದೇಶದ ಹಿಂದಿನ ದಾಖಲೆ 1937ರ 45.0. ಆ ವ್ಯವಸ್ಥೆ ವಾರಗಟ್ಟಲೆ ಕೂತಿರಲಿಲ್ಲ, ಕೆಲವೇ ದಿನಗಳಲ್ಲಿ ಶಿಖರ ಮುಟ್ಟಿತು. ನೆಲದಲ್ಲಿ ಶಾಖ ಕೂಡಿಟ್ಟುಕೊಳ್ಳಲು ಸಮಯವೇ ಇರಲಿಲ್ಲವಲ್ಲ?

ಐಸೊಬಾರ್

ಅಲ್ಲಿ ಶಾಖ ಸೇರಿದ್ದು ಬೇರೆ ಜಾಗದಲ್ಲಿ. ರಿಡ್ಜ್ ಬಲಿಯುವ ಮುಂಚೆ ಶಾಂತಸಾಗರದ ಮೇಲೆ ತೇವಭರಿತ ಗಾಳಿ ಮೇಲೇರಿ ಮೋಡ, ಮಳೆಯಾಯಿತು. ಸುಪ್ತೋಷ್ಣ ಬಿಡುಗಡೆಯಾಗಿ ಆ ಗಾಳಿಯ ಪೊಟೆನ್ಶಿಯಲ್ ಟೆಂಪರೇಚರ್ (ಏನನ್ನೂ ಸೇರಿಸದೆ 1000 ಹೆಕ್ಟೊಪಾಸ್ಕಲ್‌ಗೆ ಇಳಿಸಿದರೆ ಬರುವ ತಾಪ) ಏರಿತು. ಅದೇ ಗಾಳಿ ವಾಯುಮಂಡಲದ ಮೇಲಿನ ಸ್ತರದಲ್ಲಿ ಹರಡಿ ರಿಡ್ಜನ್ನು ಇನ್ನಷ್ಟು ಉಬ್ಬಿಸಿತು. ಅದರ ಒಂದು ಪಾಲು ಖಂಡದ ಮೇಲೆ ಇಳಿಯುವಾಗ, ಮೊದಲೇ ಪಡೆದ ಶಾಖದ ಮೇಲೆ ಒತ್ತಡದ ಬಿಸಿಯೂ ಸೇರಿತು. ಅಲ್ಲಿಂದ ಮುಂದೆ ಪೂರ್ವದ ಗಾಳಿ ಕ್ಯಾಸ್ಕೇಡ್ ಪರ್ವತ ದಾಟಿ ಪಶ್ಚಿಮದ ಇಳಿಜಾರಿನಲ್ಲಿ ಇಳಿಯಿತು, ಕಡಲಗಾಳಿ ಒಳಬರಲಿಲ್ಲ. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ 46.7 ಡಿಗ್ರಿ, ಹಿಂದಿನ ದಾಖಲೆ 41.7. ಬಿಸಿಲೂ ಒಣನೆಲವೂ ಕೊನೆಯಲ್ಲಿ ತಮ್ಮ ಪಾಲು ಸೇರಿಸಿದವು. ಜೂನ್ ಕೊನೆ ಎಂದರೆ ಹಗಲು ಅತಿ ದೀರ್ಘವಾಗಿರುವ ಕಾಲ, ಅದನ್ನೂ ಮರೆಯಬಾರದು.

ಇದು ಒಂದೇ ಘಟನೆಯ ವಿಶೇಷವಲ್ಲ. ಬ್ಲಾಕ್‌ಗಳ ಮೇಲ್ಸ್ತರದ ಗಾಳಿಯನ್ನು ಹಿಂದಕ್ಕೆ ಹಿಂಬಾಲಿಸಿ ನೋಡಿದರೆ, ಶೇ 30ರಿಂದ 45ರಷ್ಟು ಗಾಳಿ ಹಿಂದಿನ ಮೂರೇ ದಿನಗಳಲ್ಲಿ ಗಣನೀಯ ಸುಪ್ತೋಷ್ಣ ಪಡೆದಿರುತ್ತದೆ. ಮುನ್ಸೂಚನೆಗೆ ಇದರಿಂದ ನೇರ ಪರಿಣಾಮ ಇದೆ: ಗಾಳಿ ಬರುವ ದಿಕ್ಕಿನಲ್ಲಿ ಸಾವಿರಾರು ಕಿಲೋಮೀಟರ್ ಆಚೆಯ ಮಳೆಯನ್ನು ಮಾದರಿ ತಪ್ಪಾಗಿ ಲೆಕ್ಕ ಹಾಕಿದರೆ ರಿಡ್ಜ್‌ನ ಎತ್ತರವೂ ತಪ್ಪುತ್ತದೆ, ಕೆಳಗಿನ ತಾಪವೂ ತಪ್ಪುತ್ತದೆ.

ಮಣ್ಣುತೇವ

ಒಪ್ಪುತ್ತೇನೆ. ನಾನು ಹೇಳಿದ್ದು ದೀರ್ಘ ಬಿಸಿಗಾಳಿಗೆ. ಇನ್ನೂ ಒಂದು ಜಾತಿ ಇದೆ, ಅದರಲ್ಲಿ ನೆಲಕ್ಕೆ ಬಹುತೇಕ ಕೆಲಸವೇ ಇಲ್ಲ. 2022ರ ಜುಲೈ 19ರಂದು ಇಂಗ್ಲೆಂಡಿನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ಬಂದಾಗ ಯುರೋಪಿನ ಪಶ್ಚಿಮ ಅಂಚಿನಲ್ಲಿದ್ದ ಕಡಿಮೆ ಒತ್ತಡದ ಸುಳಿ ದಕ್ಷಿಣದ ಬಿಸಿಗಾಳಿಯನ್ನು ಉತ್ತರಕ್ಕೆ ಎಳೆದು ತಂದಿತ್ತು. ಎರಡು ಮೂರು ದಿನದಲ್ಲಿ ಬಂದು ಹೋಯಿತು. 2009ರ ಫೆಬ್ರುವರಿ 7ರಂದು ಮೆಲ್ಬರ್ನ್‌ನಲ್ಲಿ 46.4 ಡಿಗ್ರಿ ಬಂದದ್ದೂ ಶೀತಮುಖದ (ಮುನ್ನುಗ್ಗುವ ತಣ್ಣನೆ ಗಾಳಿಯ ಅಂಚು) ಮುಂದೆ ಖಂಡದ ಒಳನಾಡಿನಿಂದ ಬೀಸಿದ ಉತ್ತರದ ಗಾಳಿಯಿಂದ. ಶೀತಮುಖ ದಾಟಿದೊಡನೆ ತಾಪ ಕುಸಿಯಿತು.

ಕರಾವಳಿ ಮಾಪಕ

ಇಲ್ಲಿಯವರೆಗಿನ ಚರ್ಚೆ 35 ಡಿಗ್ರಿ ಅಕ್ಷಾಂಶದಿಂದ ಮೇಲಿನದು. ಉಷ್ಣವಲಯಕ್ಕೆ ಬ್ಲಾಕಿಂಗ್ ಸೂಚ್ಯಂಕ ಹೊಂದುವುದೇ ಇಲ್ಲ. ಅಲ್ಲಿ ಎತ್ತರದ ಏರಿಳಿತ ಕಡಿಮೆ. ಒಂದೆರಡು ಡೆಕಾಮೀಟರ್ ವ್ಯತ್ಯಾಸವೂ ದೊಡ್ಡದೇ.

ಭಾರತದ ಮುಂಗಾರು ಪೂರ್ವ ತಾಪವನ್ನೇ ನೋಡಿ. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ತಂಪು ತರುವವು ಏಕೆ ಬರಲಿಲ್ಲ? ಪಶ್ಚಿಮದ ಕ್ಷೋಭೆಗಳು (ಪಶ್ಚಿಮದಿಂದ ಬರುವ ಮಳೆಯ ವ್ಯವಸ್ಥೆಗಳು) ಮಳೆ ತರದೆ ಹೋದರೆ ಮೋಡವಿಲ್ಲ, ಗುಡುಗುಮಳೆಯಿಲ್ಲ, ಮಣ್ಣಿಗೆ ತೇವವಿಲ್ಲ. 2022ರ ಮಾರ್ಚ್‌ನಲ್ಲಿ ದೇಶದ ಮಳೆ ದೀರ್ಘಾವಧಿ ಸರಾಸರಿಗಿಂತ ಶೇ 71ರಷ್ಟು ಕಡಿಮೆ ಇತ್ತು. ಸರಾಸರಿ ಗರಿಷ್ಠ ತಾಪ 33.1 ಡಿಗ್ರಿ, 1901ರಿಂದ ಈಚೆಗಿನ ಮಾರ್ಚ್ ತಿಂಗಳುಗಳಲ್ಲೇ ಹೆಚ್ಚು. ರಾಜಸ್ಥಾನದ ಫಲೋದಿಯಲ್ಲಿ 2016ರ ಮೇ 19ರಂದು ಬಂದ 51.0 ಡಿಗ್ರಿಯಂಥ ತಾಪಕ್ಕೆ ಒಣ ವಾಯವ್ಯ ಗಾಳಿ, ಮೇಲಿನಿಂದ ಇಳಿಯುವ ಗಾಳಿ, ಸಸ್ಯವಿಲ್ಲದ ಒಣನೆಲ ಮೂರೂ ಸೇರುತ್ತವೆ. ಅಲ್ಲಿ ನೆಲಮಟ್ಟದಲ್ಲಿ ಕಾಣುವುದು ಕಡಿಮೆ ಒತ್ತಡ. ಹೀಟ್ ಡೋಮ್ ಎಂದರೆ ಅಧಿಕ ಒತ್ತಡ ಎಂದುಕೊಂಡು ಸಮುದ್ರಮಟ್ಟದ ನಕಾಶೆ ತೆರೆದವರು ಗೊಂದಲಕ್ಕೆ ಬೀಳುವುದು ಇಲ್ಲಿಯೇ. ಕಾದ ಗಾಳಿ ಹಗುರವಾಗಿ ನೆಲದ ಒತ್ತಡ ತಗ್ಗುತ್ತದೆ, ಅದು ತಾಪದ ಪರಿಣಾಮ.

ಪೂರ್ವ ಕರಾವಳಿಯಲ್ಲಿ ಗಾಳಿಯ ದಿಕ್ಕೇ ಎಲ್ಲ. ದಖ್ಖನ್ ದಾಟಿ ಬರುವ ಪಶ್ಚಿಮದ ಒಣಗಾಳಿ ಬಲವಾಗಿದ್ದರೆ ಕಡಲಗಾಳಿ ಮಧ್ಯಾಹ್ನ ದಾಟಿದರೂ ಒಳಗೆ ಬರುವುದಿಲ್ಲ. ಅದು ಎರಡು ಗಂಟೆ ತಡವಾದರೆ ಆ ದಿನದ ಗರಿಷ್ಠ ತಾಪದಲ್ಲಿ ಹಲವು ಡಿಗ್ರಿ ವ್ಯತ್ಯಾಸ. ಇಂಥ ಕಡೆ 500 ಹೆಕ್ಟೊಪಾಸ್ಕಲ್ ನೋಡುವುದಕ್ಕಿಂತ ನೆಲಕ್ಕೆ ಹತ್ತಿರದ 925 ಮತ್ತು 850ರ ಮಟ್ಟದ ಗಾಳಿ ನೋಡುವುದು ಉಪಯುಕ್ತ.

ಜೆಟ್‌ದಾರಿ

ಪರ್ವತದ ವಿಷಯ ಬಂದದ್ದರಿಂದ ಒಂದು ಮಾತು. ಫೋಹ್ನ್ ಗಾಳಿಗೆ (ಬೆಟ್ಟ ದಾಟಿ ಆಚೆ ಇಳಿಯುವ ಒಣ ಬಿಸಿಗಾಳಿ) ಮಳೆ ಬೇಕೇಬೇಕು ಎಂದು ಬಹಳ ಪುಸ್ತಕಗಳಲ್ಲಿ ಇದೆ. ಮೇಲೇರುವಾಗ 1 ಕಿಲೋಮೀಟರ್ ಮೋಡದೊಳಗೆ 5.5 ಡಿಗ್ರಿ ದರದಲ್ಲಿ ತಣ್ಣಗಾಗಿ, ಇಳಿಯುವಾಗ 9.8ರ ದರದಲ್ಲಿ ಬಿಸಿಯಾದರೆ 4.3 ಡಿಗ್ರಿ ಲಾಭ. ಆದರೆ ಮಳೆಯೇ ಇಲ್ಲದೆಯೂ ಇದು ಆಗುತ್ತದೆ. ಗಾಳಿಯ ಬದಿಯ ತಣ್ಣನೆ ಕೆಳಪದರವನ್ನು ಬೆಟ್ಟ ತಡೆದು ನಿಲ್ಲಿಸಿದರೆ, ಶಿಖರದ ಎತ್ತರದಲ್ಲಿದ್ದ ಗಾಳಿಯೇ ನೇರ ಆಚೆ ಬದಿಗೆ ಇಳಿಯುತ್ತದೆ. ಬೇಸಿಗೆಯ ಒಣ ದಿನಗಳಲ್ಲಿ ಕಾಣುವುದು ಹೆಚ್ಚಾಗಿ ಇದೇ.

ದತ್ತಾಂಶ ಕಡತ

ಲೆಕ್ಕ ಹಾಕುವ ಕ್ರಮಕ್ಕೆ ಬರೋಣ, ಪ್ರಶ್ನೆ ಕೇಳಿದವರಿಗೆ ಬೇಕಿದ್ದುದು ಅದೇ. ಎರಾ5 ಮರುವಿಶ್ಲೇಷಣೆ (ವೀಕ್ಷಣೆಗಳನ್ನೂ ಮಾದರಿಯನ್ನೂ ಸೇರಿಸಿ ಕಟ್ಟಿದ ಹವಾಮಾನದ ದಾಖಲೆ) 1940ರಿಂದ ಗಂಟೆಗಂಟೆಗೂ, 0.25 ಡಿಗ್ರಿ ಜಾಲದಲ್ಲಿ, ಉಚಿತವಾಗಿ ಸಿಗುತ್ತದೆ. ಬೇಕಾದವು: 2 ಮೀಟರ್ ತಾಪ, 500 ಹೆಕ್ಟೊಪಾಸ್ಕಲ್ ಮಟ್ಟದ ಜಿಯೊಪೊಟೆನ್ಶಿಯಲ್ (ಎತ್ತರವನ್ನು ಗುರುತ್ವದಿಂದ ಗುಣಿಸಿದ್ದು), 850ರ ತಾಪ, 250ರ ಗಾಳಿ, ಮಣ್ಣಿನ ತೇವದ ಮೊದಲ ಮೂರು ಪದರ, ಅಂದರೆ 0–7, 7–28, 28–100 ಸೆಂಟಿಮೀಟರ್.

ಜಿಯೊಪೊಟೆನ್ಶಿಯಲ್ ಬರುವುದು ಮೀಟರಿನಲ್ಲಲ್ಲ. 9.80665ರಿಂದ ಭಾಗಿಸದೆ ನಕಾಶೆ ಬಿಡಿಸಿ ‘ರಿಡ್ಜ್ 58,000’ ಎಂದು ಬರೆಯುವ ತಪ್ಪು ಪದೇ ಪದೇ ಆಗುತ್ತದೆ.

ದಿನದ ಗಡಿ ಇದಕ್ಕಿಂತ ಕೆಟ್ಟ ತಪ್ಪು, ಏಕೆಂದರೆ ಕಣ್ಣಿಗೆ ಬೀಳುವುದಿಲ್ಲ. ದತ್ತಾಂಶ ಯುಟಿಸಿ (ಜಾಗತಿಕ ಪ್ರಮಾಣ) ಸಮಯದಲ್ಲಿದೆ. ಉತ್ತರ ಅಮೆರಿಕದ ಪಶ್ಚಿಮ ತೀರದಲ್ಲಿ ಸಂಜೆ ನಾಲ್ಕೈದು ಗಂಟೆಯೆಂದರೆ ಯುಟಿಸಿ ಮಧ್ಯರಾತ್ರಿ. ಯುಟಿಸಿ ದಿನದಂತೆ ಗರಿಷ್ಠ ತೆಗೆದರೆ ಒಂದೇ ಮಧ್ಯಾಹ್ನದ ಬಿಸಿ ಎರಡು ದಿನಗಳ ಖಾತೆಗೆ ಬೀಳುತ್ತದೆ. ಮೂರು ದಿನದ ಬಿಸಿಗಾಳಿ ನಾಲ್ಕಾಗುತ್ತದೆ. ಮೊದಲು ಸ್ಥಳೀಯ ಸಮಯಕ್ಕೆ ಸರಿಸಿ, ಆಮೇಲೆ ಗರಿಷ್ಠ ತೆಗೆಯಿರಿ.

ಮಿತಿ ನಿಗದಿಗೆ 1991–2020ರ ಅವಧಿ, ಪ್ರತಿ ತಾರೀಖಿನ ಸುತ್ತ 15 ದಿನದ ಕಿಟಕಿ. 30 ವರ್ಷಕ್ಕೆ 450 ಬೆಲೆ ಸಿಗುತ್ತವೆ, ಅವುಗಳ 90ನೇ ಶತಮಾನಕ (ಪರ್ಸೆಂಟೈಲ್, ನೂರರಲ್ಲಿ 90 ಬೆಲೆಗಳು ಇದಕ್ಕಿಂತ ಕೆಳಗಿರುವ ಅಂಕಿ). ಅದನ್ನು ಕನಿಷ್ಠ ಮೂರು ದಿನ ಸತತ ದಾಟಿದರೆ ಬಿಸಿಗಾಳಿ. ಭಾರತೀಯ ಹವಾಮಾನ ಇಲಾಖೆಯ ವ್ಯಾಖ್ಯೆಯಲ್ಲಿ ಬಯಲಿಗೆ ಕನಿಷ್ಠ 40 ಡಿಗ್ರಿ ಮತ್ತು ಸಾಮಾನ್ಯಕ್ಕಿಂತ 4.5 ಡಿಗ್ರಿ ಹೆಚ್ಚು ಇರಬೇಕು, ಇಲ್ಲವೇ ತಾಪ 45 ಡಿಗ್ರಿ ಮುಟ್ಟಿರಬೇಕು. ಎರಡರ ಪಟ್ಟಿ ಬೇರೆ ಬೇರೆ ಬರುತ್ತದೆ. ಯಾವುದನ್ನು ಬಳಸಿದ್ದೀರಿ ಎಂದು ಮೊದಲ ಸಾಲಿನಲ್ಲೇ ಬರೆಯಿರಿ.

ಐಸೊಬಾರ್

ಇದಕ್ಕೆ ಒಂದು ಮುಖ್ಯ ಸೇರ್ಪಡೆ. 500 ಹೆಕ್ಟೊಪಾಸ್ಕಲ್ ಎತ್ತರ ಪರಿಚಲನೆಯ ಶುದ್ಧ ಅಳತೆ ಅಲ್ಲ. 1000ರಿಂದ 500ರವರೆಗಿನ ಗಾಳಿ ಸರಾಸರಿ ಒಂದು ಡಿಗ್ರಿ ಬಿಸಿಯಾದರೆ ಅದರ ದಪ್ಪ ಸುಮಾರು 20 ಮೀಟರ್ ಹೆಚ್ಚುತ್ತದೆ. ಭೂಮಿ ಬಿಸಿಯಾಗುತ್ತಿರುವುದರಿಂದ ಎಲ್ಲೆಡೆ ಎತ್ತರ ಏರುತ್ತಲೇ ಇದೆ. ಹಳೆಯ ಸರಾಸರಿಗೆ ಹೋಲಿಸಿದರೆ ಇತ್ತೀಚಿನ ವರ್ಷಗಳಲ್ಲಿ ಬೇಕಾದ ಕಡೆ ‘ರಿಡ್ಜ್’ ಕಾಣುತ್ತದೆ. ಇದನ್ನು ಪರಿಚಲನೆಯ ಬದಲಾವಣೆ ಎಂದು ಬರೆದರೆ ತಪ್ಪು ತೀರ್ಮಾನ.

ಪರಿಹಾರ ಸರಳ: ಪ್ರತಿ ದಿನದ ನಕಾಶೆಯಿಂದ ಆ ಅಕ್ಷಾಂಶ ಪಟ್ಟಿಯ ಸರಾಸರಿ ಏರಿಕೆಯನ್ನು ಕಳೆಯಿರಿ, ಇಲ್ಲವೇ ಎತ್ತರದ ಇಳಿಜಾರನ್ನು ಬಳಸಿ. ಗಾಳಿಯಿಂದ ಲೆಕ್ಕ ಹಾಕುವ ಸ್ಟ್ರೀಮ್ ಫಂಕ್ಷನ್ (ಗಾಳಿ ಹರಿಯುವ ದಾರಿಯನ್ನು ತೋರಿಸುವ ಅಳತೆ) ಇನ್ನೂ ಚೆನ್ನ. ಸಮುದ್ರಮಟ್ಟದ ಒತ್ತಡ ಬೇಡ, ಕರಾವಳಿ ಮಾಪಕ ಹೇಳಿದಂತೆ ತಾಪವೇ ಅದನ್ನು ತಗ್ಗಿಸಿರುತ್ತದೆ.

ದತ್ತಾಂಶ ಕಡತ

ಸರಿಯಾದ ಮಾತು, ಸಾದೃಶ್ಯ ವಿಧಾನಕ್ಕೆ ಇದು ಇನ್ನೂ ಮುಖ್ಯ. ಆ ವಿಧಾನ ಹೀಗೆ. ಬಿಸಿಗಾಳಿಯ ದಿನದ ಸ್ಟ್ರೀಮ್ ಫಂಕ್ಷನ್ ನಕಾಶೆಗೆ ಅತಿ ಹೋಲುವ 20–30 ದಿನಗಳನ್ನು ಹಿಂದಿನ ವರ್ಷಗಳಿಂದ ಹುಡುಕುವುದು. ಋತುವಿನ ಗಾಢ ವ್ಯತ್ಯಾಸ ಬರದಂತೆ ಆ ತಾರೀಖಿನ 30 ದಿನ ಹಿಂದೆ ಮುಂದೆ ಮಾತ್ರ. ಅದೇ ವರ್ಷದ ದಿನಗಳನ್ನು ಬಿಡಬೇಕು. ಸಿಕ್ಕ ದಿನಗಳ ತಾಪದ ಸರಾಸರಿಯೇ ಪರಿಚಲನೆಯ ಪಾಲು. ನಿಜವಾದ ತಾಪದಿಂದ ಅದನ್ನು ಕಳೆದರೆ ಉಳಿಯುವುದು ಒಣಮಣ್ಣು, ಜಾಗತಿಕ ಏರಿಕೆ ಮತ್ತು ಇನ್ನುಳಿದವು.

ಎಲ್ಲಿ ಕೆಡುತ್ತದೆ? ಪ್ರದೇಶದ ಆಯ್ಕೆಯಲ್ಲಿ. ಇಡೀ ಗೋಳಾರ್ಧ ತೆಗೆದುಕೊಂಡರೆ ಹೋಲುವ ದಿನವೇ ಸಿಗುವುದಿಲ್ಲ, ಸಿಕ್ಕವು ಹೆಸರಿಗೆ ಮಾತ್ರ. ತೀರಾ ಚಿಕ್ಕದಾದರೆ ಗಾಳಿ ಎಲ್ಲಿಂದ ಬಂತೆಂಬ ಮಾಹಿತಿಯೇ ಕತ್ತರಿಸಿಹೋಗುತ್ತದೆ. 25 ಡಿಗ್ರಿ ಅಕ್ಷಾಂಶ, 50 ಡಿಗ್ರಿ ರೇಖಾಂಶದ ಆಯತದಿಂದ ಆರಂಭಿಸಿ, ಗಡಿಯನ್ನು ಐದೈದು ಡಿಗ್ರಿ ಸರಿಸಿ ಉತ್ತರ ಎಷ್ಟು ಬದಲಾಗುತ್ತದೆ ನೋಡಿ. ಬಹಳ ಬದಲಾದರೆ ಆ ಅಂಕಿಯನ್ನು ನಂಬಬೇಡಿ. 2021ರಂಥ ಅತಿ ವಿರಳ ರಿಡ್ಜ್‌ಗೆ ಒಳ್ಳೆಯ ಸಾದೃಶ್ಯಗಳೇ ಇಲ್ಲ, ಹಾಗಾಗಿ ಈ ವಿಧಾನ ಪರಿಚಲನೆಯ ಪಾಲನ್ನು ಕಡಿಮೆ ತೋರಿಸುತ್ತದೆ.

ಗಾಳಿಜಾಡು

ಟ್ರಾಜೆಕ್ಟರಿ ವಿಧಾನದಲ್ಲಿ, ಅಂದರೆ ಗಾಳಿ ಬಂದ ದಾರಿಯನ್ನು ಹಿಂದಕ್ಕೆ ಹಿಂಬಾಲಿಸಿ, ಮೂರು ಪಾಲುಗಳನ್ನೂ ಬೇರ್ಪಡಿಸಬಹುದೇ? ಅಲ್ಲಿ ಏನು ಎಚ್ಚರ ಬೇಕು?

ಜೆಟ್‌ದಾರಿ

ಬೇರ್ಪಡಿಸಬಹುದು, ಅದೇ ಅದರ ಬಲ. ಆ ದಾರಿ ಲೆಕ್ಕ ಹಾಕುವ ತಂತ್ರಾಂಶ ಹೈಸ್ಪ್ಲಿಟ್ ಅಥವಾ ಲಗ್ರಾಂಟೊ ಯಾವುದಾದರೂ ಸರಿ. ಮಧ್ಯಾಹ್ನದ ಗರಿಷ್ಠ ತಾಪದ ಹೊತ್ತಿನಿಂದ ಐದು ದಿನ ಹಿಂದಕ್ಕೆ ಓಡಿಸಿ. ಒಂದೇ ಬಿಂದುವಿನಿಂದ ಬೇಡ; ಬಿಸಿಯಾದ ಪ್ರದೇಶದ ಹಲವು ಬಿಂದುಗಳಿಂದ, ನೆಲದಿಂದ 500, 1000, 1500 ಮೀಟರ್ ಎತ್ತರಗಳಿಂದ ಹೊರಡಿಸಿ. 10 ಮೀಟರಿನಿಂದ ಹೊರಡಿಸಿದ ರೇಖೆ ನೆಲಕ್ಕೆ ತಾಗಿ ಅರ್ಥವಿಲ್ಲದ ದಾರಿ ಹಿಡಿಯುತ್ತದೆ.

ಪ್ರತಿ ರೇಖೆಯ ಉದ್ದಕ್ಕೂ ಒತ್ತಡ, ತಾಪ, ಪೊಟೆನ್ಶಿಯಲ್ ಟೆಂಪರೇಚರ್ ಬರೆದುಕೊಳ್ಳಿ. ತಾಪ ಏರುತ್ತಿದೆ, ಒತ್ತಡವೂ ಏರುತ್ತಿದೆ, ಆದರೆ ಪೊಟೆನ್ಶಿಯಲ್ ಟೆಂಪರೇಚರ್ ಕದಲಿಲ್ಲ ಎಂದರೆ ಅದು ಶುದ್ಧ ಇಳಿಕೆಯ ಬಿಸಿ. ಪೊಟೆನ್ಶಿಯಲ್ ಟೆಂಪರೇಚರ್ ಏರಿದರೆ ಹೊರಗಿನ ಶಾಖ ಸೇರಿದೆ. ಏರಿಕೆ ಹಗಲಿನಲ್ಲಿ, ನೆಲದ ಹತ್ತಿರ, ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ನೆಲದ ಶಾಖ. ಎತ್ತರಕ್ಕೆ ಏರುವಾಗ, ತೇವಾಂಶ ಇಳಿಯುತ್ತ ಏರಿದರೆ ಸುಪ್ತೋಷ್ಣ. ಎರಡೂ ಇಲ್ಲ, ಗಾಳಿ ಹೊರಟ ಜಾಗವೇ ಬಿಸಿಯಾಗಿತ್ತು ಎಂದರೆ ಸಾಗಣೆ.

ಎಚ್ಚರ ಒಂದೇ: ಮಿಶ್ರಣ ಪದರದೊಳಗೆ ಹೊಕ್ಕ ಮೇಲೆ ಒಂಟಿ ರೇಖೆಗೆ ಅರ್ಥ ಕಡಿಮೆ, ಏಕೆಂದರೆ ಅಲ್ಲಿ ಗಾಳಿ ಗಂಟೆಯೊಳಗೆ ಮೇಲಿಂದ ಕೆಳಗೆ ಕಲಸಿಹೋಗುತ್ತದೆ. ಸಮೂಹದ ಸರಾಸರಿಯನ್ನು ಮಾತ್ರ ನಂಬಿ.

ಮಣ್ಣುತೇವ

ಇನ್ನೊಂದು ಉಪಯುಕ್ತ ಲೆಕ್ಕ: ಗರಿಷ್ಠ ಎಷ್ಟರವರೆಗೆ ಹೋಗಬಹುದು? ಮಧ್ಯ ಅಕ್ಷಾಂಶದಲ್ಲಿ ಇದಕ್ಕೆ ಒಂದು ಚಾವಣಿ ಇದೆ. ನೆಲದ ಗಾಳಿಯ ಒಟ್ಟು ಶಕ್ತಿ, ಅಂದರೆ ತಾಪ, ತೇವಾಂಶ, ಎತ್ತರ ಮೂರೂ ಸೇರಿದ್ದು, 500 ಹೆಕ್ಟೊಪಾಸ್ಕಲ್ ಮಟ್ಟದ ಸಂತೃಪ್ತ ಶಕ್ತಿಯನ್ನು (ಅಲ್ಲಿನ ಗಾಳಿ ಆವಿಯಿಂದ ಪೂರ್ತಿ ತುಂಬಿದ್ದರೆ ಇರುವ ಶಕ್ತಿ) ಮುಟ್ಟಿದರೆ ಗುಡುಗುಮೋಡ ಎದ್ದು ತಾಪ ಏರಿಕೆ ನಿಲ್ಲುತ್ತದೆ.

500ರ ಮಟ್ಟ 5,900 ಮೀಟರಿನಲ್ಲಿದ್ದು ಅಲ್ಲಿ ಮೈನಸ್ 5 ಡಿಗ್ರಿ ಇದೆ ಎನ್ನಿ. ಸಂತೃಪ್ತ ಶಕ್ತಿ ಕಿಲೋಗ್ರಾಮಿಗೆ ಸುಮಾರು 340 ಕಿಲೋಜೂಲ್. ಸಮುದ್ರಮಟ್ಟದಿಂದ 200 ಮೀಟರ್ ಎತ್ತರದ ನೆಲದಲ್ಲಿ ಪ್ರತಿ ಕಿಲೋಗ್ರಾಂ ಗಾಳಿಯಲ್ಲಿ 10 ಗ್ರಾಂ ಆವಿ ಇದ್ದರೆ ಚಾವಣಿ ಸುಮಾರು 39 ಡಿಗ್ರಿ. 7 ಗ್ರಾಂ ಇದ್ದರೆ 46. ಒಂದು ಗ್ರಾಂ ಒಣಗಿದರೆ ಎರಡೂವರೆ ಡಿಗ್ರಿ ಮೇಲಕ್ಕೆ. 500ರ ಮಟ್ಟ ಒಂದು ಡಿಗ್ರಿ ಬೆಚ್ಚಗಾದರೆ ನೆಲದ ಚಾವಣಿ ಸುಮಾರು ಎರಡು ಡಿಗ್ರಿ ಏರುತ್ತದೆ. ಮೊದಲ ಪೋಸ್ಟಿನ ಪ್ರಶ್ನೆಗೆ ಉತ್ತರದ ದೊಡ್ಡ ಭಾಗ ಇಲ್ಲೇ ಇದೆ: ರಿಡ್ಜ್ ಚಾವಣಿಯನ್ನು ಎತ್ತುತ್ತದೆ, ಅದನ್ನು ಮುಟ್ಟುವುದು ಬಿಡುವುದು ಕೆಳಗಿನ ತೇವಾಂಶ ಮತ್ತು ದಿನಗಳ ಸಂಖ್ಯೆಗೆ ಬಿಟ್ಟದ್ದು.

ಕರಾವಳಿ ಮಾಪಕ

ಒಣಗಿದಷ್ಟೂ ತಾಪಮಾಪಕ ಏರುತ್ತದೆ ಎಂಬುದು ನಿಜ, ಆದರೆ ದೇಹಕ್ಕೆ ಅಪಾಯ ಅದರಿಂದ ಮಾತ್ರ ಅಲ್ಲ. ಆರ್ದ್ರ ಬಲ್ಬ್ ತಾಪ (ಒದ್ದೆ ಬಟ್ಟೆ ಸುತ್ತಿದ ತಾಪಮಾಪಕ ತೋರಿಸುವ ತಾಪ) 35 ಡಿಗ್ರಿ ಮುಟ್ಟಿದರೆ ಬೆವರು ಆರಿ ದೇಹ ತಂಪಾಗುವುದು ನಿಂತುಹೋಗುತ್ತದೆ. ಅದಕ್ಕಿಂತ ಬಹಳ ಕಡಿಮೆಯಲ್ಲೇ ಜನ ಸಾಯುತ್ತಾರೆ. ಪಾಕಿಸ್ತಾನದ ಜಾಕೋಬಾಬಾದ್ ಮತ್ತು ಪರ್ಷಿಯನ್ ಕೊಲ್ಲಿಯ ರಾಸ್ ಅಲ್ ಖೈಮಾದಲ್ಲಿ ಅದು ಸ್ವಲ್ಪ ಹೊತ್ತು 35 ದಾಟಿದ್ದಿದೆ. ಇದರ ಪರಿಚಲನೆ ಉಲ್ಟಾ: ಬೆಚ್ಚಗಿನ ಕಡಲಿನಿಂದ ಆವಿ ಒಳಬರಬೇಕು, ಮೇಲೆ ಇಳಿಯುವ ಗಾಳಿ ಮುಚ್ಚಳ ಹಾಕಿ ಆ ಆವಿ ಮೇಲೇರದಂತೆ ತಡೆಯಬೇಕು. ಹಾಗಾಗಿ ಗರಿಷ್ಠ ತಾಪದ ದಿನಗಳ ಪಟ್ಟಿ ಮಾತ್ರ ಇಟ್ಟುಕೊಂಡರೆ ಅತಿ ಅಪಾಯದ ದಿನಗಳು ಕೈಬಿಟ್ಟುಹೋಗುತ್ತವೆ. ಎರಡು ಪಟ್ಟಿ ಮಾಡಿ.

ಗಾಳಿಜಾಡು

ಧ್ರುವ ಪ್ರದೇಶ ವೇಗವಾಗಿ ಬಿಸಿಯಾಗುತ್ತಿರುವುದರಿಂದ ಜೆಟ್ ದುರ್ಬಲವಾಗಿ ಅಲೆಗಳು ಹೆಚ್ಚು ನಿಲ್ಲುತ್ತಿವೆ ಎಂಬ ವಾದವನ್ನು ಎಷ್ಟು ಒಪ್ಪಬಹುದು?

ಜೆಟ್‌ದಾರಿ

ಅದು ಇನ್ನೂ ಇತ್ಯರ್ಥವಾಗದ ವಾದ. ಕೆಳಸ್ತರದಲ್ಲಿ ಧ್ರುವ–ಸಮಭಾಜಕ ತಾಪವ್ಯತ್ಯಾಸ ಕಡಿಮೆಯಾಗುತ್ತಿದೆ, ಮೇಲ್ಸ್ತರದಲ್ಲಿ ಉಷ್ಣವಲಯ ಹೆಚ್ಚು ಬಿಸಿಯಾಗಿ ವ್ಯತ್ಯಾಸ ಹೆಚ್ಚುತ್ತದೆ. ಎರಡೂ ಜೆಟ್ಟನ್ನು ಎದುರು ದಿಕ್ಕಿಗೆ ಎಳೆಯುತ್ತವೆ. ಪಶ್ಚಿಮ ಯುರೋಪಿನಲ್ಲಿ ಮಾತ್ರ ಗುರುತು ಸ್ಪಷ್ಟ: ಅಲ್ಲಿನ ಬಿಸಿಗಾಳಿ ಉಳಿದ ಮಧ್ಯ ಅಕ್ಷಾಂಶಗಳಿಗಿಂತ ವೇಗವಾಗಿ ಹೆಚ್ಚಿದೆ, ಜೆಟ್ ಎರಡಾಗಿ ಸೀಳಿ ನಡುವೆ ದುರ್ಬಲ ಗಾಳಿ ಉಳಿಯುವ ಸ್ಥಿತಿ ಮೊದಲಿಗಿಂತ ಹೆಚ್ಚು ಕಾಲ ನಿಲ್ಲುತ್ತಿದೆ. ಹವಾಮಾನ ಮಾದರಿಗಳು ಆ ಏರಿಕೆಯನ್ನು ಪೂರ್ತಿ ಹಿಡಿಯುತ್ತಿಲ್ಲ. ಇದು ನನಗೆ ನಿಜವಾಗಿಯೂ ಕಳವಳದ ವಿಷಯ, ಏಕೆಂದರೆ ಮುಂದಿನ ದಶಕಗಳ ತಯಾರಿ ನಡೆಯುವುದು ಅದೇ ಮಾದರಿಗಳ ಅಂಕಿಯಿಂದ. ಆದರೆ ತಾಪ ಏರಲು ಪರಿಚಲನೆ ಬದಲಾಗಲೇಬೇಕು ಎಂದೇನಿಲ್ಲ. ಅದೇ ರಿಡ್ಜ್ ಈಗ ಹೆಚ್ಚು ಬಿಸಿಯಾದ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೇ ಸಾಕು.

ದತ್ತಾಂಶ ಕಡತ

ದಿನನಿತ್ಯದ ಮುನ್ಸೂಚನೆ ಪರಿಶೀಲಿಸುವವರಿಗೆ ಒಂದು ಸಣ್ಣ ಕ್ರಮ. ಮಧ್ಯಾಹ್ನದ 850ರ ತಾಪವನ್ನು ಒಣ ಅಡಿಯಾಬ್ಯಾಟಿಕ್ ದರದಲ್ಲಿ (ಕಿಲೋಮೀಟರಿಗೆ 9.8 ಡಿಗ್ರಿ) ನೆಲಕ್ಕೆ ಇಳಿಸಿ. 850ರ ಮಟ್ಟ 1,500 ಮೀಟರಿನಲ್ಲಿ 25 ಡಿಗ್ರಿ ಇದ್ದರೆ ಸಮುದ್ರಮಟ್ಟದ ಊರಿಗೆ 39–40, 900 ಮೀಟರ್ ಎತ್ತರದ ಊರಿಗೆ 31. ನೆಲಕ್ಕೆ ತಾಗಿದ ತೆಳುಪದರಕ್ಕೆ ಇನ್ನೊಂದೆರಡು ಡಿಗ್ರಿ ಸೇರಿಸಿ. ಮಾದರಿಯ ಅಂಕಿ ಇದಕ್ಕಿಂತ 4–5 ಡಿಗ್ರಿ ಕೆಳಗಿದ್ದರೆ ಕಾರಣ ಹುಡುಕಿ: ಮಿಶ್ರಣ ಪದರ 850ರವರೆಗೆ ಏರುವುದಿಲ್ಲವೇ, ಮೇಲ್ಸ್ತರದ ಮೋಡವಿದೆಯೇ, ದೂಳು ಅಥವಾ ಕಾಡ್ಗಿಚ್ಚಿನ ಹೊಗೆಯಿದೆಯೇ, ನೀರಾವರಿಯ ಹಸಿರು ನೆಲವೇ, ಕಡಲಗಾಳಿ ಬರುವುದಿದೆಯೇ. ಈ ಯಾವುದೂ ಇಲ್ಲದಿದ್ದರೆ ಮಾದರಿಯೊಳಗಿನ ಮಣ್ಣು ನಿಜಕ್ಕಿಂತ ತೇವವಾಗಿರುವ ಸಾಧ್ಯತೆ ಹೆಚ್ಚು. ಹಿಂದಿನ 30 ದಿನದ ಮಳೆಯ ಮಾಪನವನ್ನು ಅದರ ಪಕ್ಕದಲ್ಲಿಟ್ಟು ನೋಡಿ, ಆಮೇಲೆ ಎಚ್ಚರಿಕೆಯ ಮಟ್ಟ ನಿರ್ಧರಿಸಿ.